ಟ್ಯಾಂಕಿನ ಹಿಂದಿನ ಡಬ್ಬಿಗಳು

ಉದ್ಯಾನದ ಕಚೇರಿಯಲ್ಲಿ ಅವಳಿಗೆ ಪರವಾನಗಿ ಮೇಡಂ ಎಂದೇ ಹೆಸರು. ಹುಲ್ಲಿನ ಮೇಲೆ ಫೋಟೊ ತೆಗೆಯಬೇಕೆ, ಮರದ ಕೆಳಗೆ ಮಕ್ಕಳಿಗೆ ಚಿತ್ರ ಕಲಿಸಬೇಕೆ, ಸತ್ತ ನಾಯಿಯ ನೆನಪಿಗೆ ಬೆಂಚು ಹಾಕಿಸಬೇಕೆ, ಎಲ್ಲಕ್ಕೂ ಅವಳ ಸಹಿ ಬೇಕು. ಈಚೆಗೆ ಇವುಗಳ ಜೊತೆಗೆ ಇನ್ನೊಂದು ತಲೆನೋವು ಸೇರಿಕೊಂಡಿತ್ತು, ಜಿಯೋಕ್ಯಾಶಿಂಗ್. ಕಚೇರಿಯವರ ಬಾಯಲ್ಲಿ ಅದು ಡಬ್ಬಿ ಆಟ. ಯಾರೋ ಒಬ್ಬರು ನೀರು ಹೋಗದ ಡಬ್ಬಿಯಲ್ಲಿ ಸಣ್ಣಪುಟ್ಟ ಆಟಿಕೆ ಹಾಕಿ ಮರದ ಪೊಟರೆಯಲ್ಲೋ ಕಲ್ಲಿನ ಸಂದಿಯಲ್ಲೋ ಬಚ್ಚಿಡುತ್ತಾರೆ. ಜಾಗದ ಗುರುತನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಎಲ್ಲೆಲ್ಲಿಂದಲೋ ಜನ ಫೋನು ಹಿಡಿದುಕೊಂಡು ಹುಡುಕುತ್ತ ಬಂದು, ಸಿಕ್ಕಿದರೆ ಒಂದು ಆಟಿಕೆ ತೆಗೆದುಕೊಂಡು ಇನ್ನೊಂದನ್ನು ಇಟ್ಟು ಹೋಗುತ್ತಾರೆ. ಮಾಡಲು ಬೇರೆ ಕೆಲಸವಿಲ್ಲವೇ ಇವರಿಗೆ ಎಂದು ನೀವು ಮೂಗು ಮುರಿಯಬಹುದು. ಮೊದಮೊದಲು ಅವಳೂ ಮುರಿದವಳೇ.

ಆದರೆ ನಿಯಮ ಎಂದ ಮೇಲೆ ನಿಯಮ. ಡಬ್ಬಿ ಇಡಲು ಮಣ್ಣು ಅಗೆಯಬಾರದು. ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವೆ ಸಾಕಷ್ಟು ದೂರ ಇರಬೇಕು. ಕೇಳಿದ ಪ್ರತಿಯೊಂದು ಜಾಗವನ್ನೂ ಅವಳೇ ಕಾಲಲ್ಲಿ ನಡೆದು ಹೋಗಿ ನೋಡಿಕೊಂಡು ಬರಬೇಕು. ಹಾಗಾಗಿ ಆ ಮುದುಕ ಬಂದು ಹೊರಗಿನ ಬೆಂಚಿನ ಮೇಲೆ ಕೂತ ದಿನ ಅವಳಿಗೆ ಸಿಟ್ಟೇ ಬಂತು. ಅವನು ಕೇಳಿದ್ದ ಜಾಗಗಳೆಲ್ಲ ಹಳೆಯ ನೀರಿನ ಟ್ಯಾಂಕಿನ ಹಿಂದೆ, ಒಂದರ ಪಕ್ಕಕ್ಕೆ ಒಂದು ಇದ್ದವು.

"ತಾತ, ಎಲ್ಲಾ ಡಬ್ಬಿನೂ ಒಂದೇ ಕಡೆ ಗುಡ್ಡೆ ಹಾಕ್ತೀರಾ? ಆಟ ಅಂದ್ಮೇಲೆ ಜನ ಓಡಾಡ್ಬೇಕು ತಾನೆ?"

"ಓಡಾಡೋದು ಬೇಡಮ್ಮ. ಅಲ್ಲಿಗೆ ಬಂದ್ರೆ ಸಾಕು."

"ಸ್ವಲ್ಪ ಆ ಕಡೆ ಈ ಕಡೆ ಸರಿಸಿ ಕೊಡಿ. ಕೊಳದ ಹತ್ರ ಒಂದು, ಗೇಟಿನ ಹತ್ರ ಒಂದು. ಇವತ್ತೇ ಸಹಿ ಹಾಕಿಬಿಡ್ತೀನಿ."

"ಒಂದು ಗೇಣೂ ಸರಿಸೋಕಾಗಲ್ಲ," ಎಂದ ಮುದುಕ. ಹಠದ ಧ್ವನಿಯಲ್ಲ, ಬೇಡಿಕೊಳ್ಳುವ ಧ್ವನಿ. "ಒಂದ್ಸಲ ಬಂದು ನೋಡಿ. ಆಮೇಲೆ ಆಗಲ್ಲ ಅಂದ್ರೆ ಸುಮ್ಮನೆ ಮನೆಗೆ ಹೋಗ್ತೀನಿ."

ಹೋದಳು. ಆ ಉದ್ಯಾನ ಮೊದಲು ಒಂದು ಹೆರಿಗೆ ಆಸ್ಪತ್ರೆಯ ಜಾಗ. ಕಟ್ಟಡ ಕೆಡವಿ ಎಷ್ಟೋ ಕಾಲವಾಗಿದೆ. ಟ್ಯಾಂಕನ್ನು ಮಾತ್ರ ಕೆಡವುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದರ ಹಿಂದೆ ಮೊಣಕಾಲೆತ್ತರದ ಹುಲ್ಲು, ಬೇರು ಮೇಲೆದ್ದ ನಾಲ್ಕಾರು ಮರ, ಹಗಲಿನಲ್ಲೂ ಒಣಗದ ನೆರಳು. ಗುಡಿಸುವವರು ಅತ್ತ ಹೋಗುವುದಿಲ್ಲ, ಪ್ರೇಮಿಗಳೂ ಹೋಗುವುದಿಲ್ಲ. ಯಾಕೆ ಎಂದು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಫೋನು ತೆಗೆದು ಜಾಗದ ಗುರುತು ನೋಡಿದರೆ, ಪರದೆಯ ಮೇಲಿನ ಬಾಣ ಒಂದು ಕಡೆ ನಿಲ್ಲಲೊಲ್ಲದು. ಅಲ್ಲಿ ತೋರಿಸುತ್ತದೆ, ಇಲ್ಲಿ ತೋರಿಸುತ್ತದೆ, ಅವಳ ಕಾಲ ಕೆಳಗೇ ತೋರಿಸುತ್ತದೆ. ದೊಡ್ಡ ಮರದ ಕೆಳಗೆ ಫೋನಿಗೆ ಹಾಗಾಗುವುದು ಮಾಮೂಲು ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಬೆನ್ನಮೇಲೆ ಏನೋ ಹರಿದ ಹಾಗಾಯಿತು.

ಮುದುಕ ತುದಿಗಾಲಲ್ಲಿ ನಡೆಯುತ್ತಿದ್ದ. "ಇಲ್ಲೊಂದು... ಈ ಬೇರಿನ ಹತ್ರ ಒಂದು..." ಎಂದು ಪಿಸುಗುಡುತ್ತಿದ್ದ.

"ಯಾರಿಗೆ ಎಚ್ಚರ ಆಗುತ್ತೆ ಅಂತ ಇಷ್ಟು ಮೆಲ್ಲಗೆ ಮಾತಾಡ್ತಿದ್ದೀರಿ ತಾತ?" ಎಂದು ಅವಳು ನಕ್ಕಳು.

ಅವನು ನಗಲಿಲ್ಲ. "ಕೂಸುಗಳಿಗೆ," ಎಂದ.

ಅವನು ಆ ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆಗಿದ್ದವನಂತೆ. ಹುಟ್ಟುವಾಗಲೇ ತೀರಿಹೋಗಿ, ಮನೆಯವರೂ ಕೊಂಡೊಯ್ಯದ ಕೂಸನ್ನು ನರ್ಸಮ್ಮ ಟವಲಿನಲ್ಲಿ ಸುತ್ತಿ ಅವನ ಕೈಗಿಡುತ್ತಿದ್ದಳು. 'ಟ್ಯಾಂಕಿನ ಹಿಂದೆ' ಎನ್ನುತ್ತಿದ್ದಳು, ಅಷ್ಟೇ ಮಾತು. ಅವನೇ ಅಗೆಯಬೇಕು, ಅವನೇ ಮುಚ್ಚಬೇಕು. ಕಲ್ಲಿಲ್ಲ, ಹೆಸರಿಲ್ಲ. ಆಸ್ಪತ್ರೆ ಮುಚ್ಚಿದ ಮೇಲೆ ಒಂದು ಕಲ್ಲನ್ನಾದರೂ ನೆಡಿಸೋಣವೆಂದು ದೊಡ್ಡ ಕಚೇರಿಗೆ ಹೋಗಿದ್ದ. ಏನು ಗ್ಯಾರಂಟಿ, ಅಗೆದು ನೋಡಬೇಕಾಗುತ್ತದೆ ಎಂದರಂತೆ. ಅಗೆಯುವ ಮಾತು ಕಿವಿಗೆ ಬಿದ್ದದ್ದೇ ತಡ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಓಡಿ ಬಂದಿದ್ದ.

"ಈಚೆಗೆ ಬೇರೊಂದು ಪಾರ್ಕಲ್ಲಿ ಗಂಡ ಹೆಂಡ್ತಿ ಇಬ್ಬರು ಪೊದೆ ಪೊದೆ ತಡಕ್ತಿದ್ರು. ಏನು ಕಳ್ಕೊಂಡಿದ್ದೀರಿ ಅಂದೆ. ಏನೂ ಇಲ್ಲ, ಡಬ್ಬಿ ಹುಡುಕ್ತಿದ್ದೀವಿ ಅಂದ್ರು. ಸಿಕ್ಕಾಗ ಆ ಹೆಣ್ಮಗಳು ಕುಣಿದಾಡಿದ್ದೇ ಕುಣಿದಾಡಿದ್ದು ಕಣಮ್ಮ. ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಇವರನ್ನ ಇಷ್ಟು ವರ್ಷದಲ್ಲಿ ಯಾರೂ ಹುಡುಕ್ಕೊಂಡು ಬಂದಿಲ್ಲ. ಒಬ್ಬರೂ ಬಂದಿಲ್ಲ. ಆಟ ಅಂತಾನಾದ್ರೂ ಬರಲಿ ಬಿಡಿ."

ಅವಳು ಟ್ಯಾಂಕಿನ ಕಡೆ ತಿರುಗಿ ನೋಡಿದಳು. ಅವಳ ಅಮ್ಮನ ಮೊದಲ ಹೆರಿಗೆ ಆದದ್ದು ಅದೇ ಆಸ್ಪತ್ರೆಯಲ್ಲಿ.

ಅವಳ ಮನೆಯ ವಿಷಯ ಈಗ ಹೇಳಲೇಬೇಕು. ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ, ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆದರೆ ಹುಟ್ಟಿದಾಗಿನಿಂದ ಅವಳು ಬಾಳಿದ್ದು ಇನ್ನೊಬ್ಬನ ಜೊತೆ. ಅವನಿಗೆ ಅಮ್ಮ ಇಟ್ಟ ಹೆಸರು ದೊಡ್ಡವನು. ಹೊಳೆಯ ಸೇತುವೆ ಕುಸಿದು ಊರಿಗೆ ಊರೇ ಗೋಳಾಡುತ್ತಿದ್ದ ದಿನ ಅಮ್ಮ ಹೆತ್ತಿದ್ದಳು. ಎಚ್ಚರ ಬಂದಾಗ ನರ್ಸು 'ಗಂಡು ಕೂಸು, ಹೋಯ್ತಮ್ಮ' ಎಂದಳು. ಯಾರೂ ತೋರಿಸಲಿಲ್ಲ. ಹೊಳೆಯ ಆಚೆ ಸಿಕ್ಕಿಬಿದ್ದಿದ್ದ ಅಪ್ಪ ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮುಖ ನೋಡದ ಸಾವನ್ನು ಅಮ್ಮ ನಂಬಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ, ಎಲ್ಲೋ ಬೆಳೆಯುತ್ತಿದ್ದಾನೆ ಎಂದೇ ನಂಬಿದಳು.

ಬೆಳೆದ, ನೋಡಿ. ಅದೇ ಮನೆಯಲ್ಲಿ ಬೆಳೆದ. ಮಗಳು ಶಾಲೆಗೆ ಸೇರಿದಾಗ ಅವನು ಮೇಲಿನ ತರಗತಿಯಲ್ಲಿದ್ದ. ಅವಳಿಗೆ ಕೆಲಸ ಸಿಕ್ಕಾಗ 'ದೊಡ್ಡವನಿಗೂ ಎಲ್ಲೋ ಸಿಕ್ಕಿರುತ್ತೆ' ಎಂದಳು ಅಮ್ಮ. ಹೋದ ತಿಂಗಳು ಸೊಪ್ಪು ಬಿಡಿಸುತ್ತ ಕೂತವಳು ಇದ್ದಕ್ಕಿದ್ದ ಹಾಗೆ 'ಅವನಿಗೆ ಈಗ ಓದೋಕೆ ಕನ್ನಡಕ ಬೇಕಾಗಿರುತ್ತೆ' ಎಂದಿದ್ದಳು. ಬಾಗಿಲಿನ ಮೇಲಿನ ಚಿಲಕವನ್ನು ಅಮ್ಮ ಒಂದು ದಿನವೂ ಹಾಕಗೊಟ್ಟಿರಲಿಲ್ಲ, ಅವನು ಬಂದರೆ ಹೊರಗೆ ನಿಲ್ಲಬಾರದು. ಮನೆಯಲ್ಲಿ ಒಬ್ಬಳೇ ಇದ್ದಾಗ ಮಗಳಿಗೆ ಎಷ್ಟೋ ಸಲ ಪಕ್ಕದ ಕೋಣೆಯಲ್ಲಿ ಒಬ್ಬ ಗಂಡಸು ಕೆಮ್ಮಿದ ಹಾಗೆ ಕೇಳಿಸಿದ್ದುಂಟು. ಹೋಗಿ ನೋಡುವುದನ್ನು ಬಿಟ್ಟೇ ಬಿಟ್ಟಿದ್ದಳು. ಒಬ್ಬಳೇ ಮಗಳಾಗಿ ಹುಟ್ಟಿಯೂ ಅವಳು ಅಮ್ಮನಿಗೆ ಎಂದೆಂದಿಗೂ 'ಚಿಕ್ಕವಳು'.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳಿಗೆ ಬಂದ ಸಂಬಂಧಗಳನ್ನೂ ಅವನೇ ತಪ್ಪಿಸಿದ. ಹುಡುಗ ದೊಡ್ಡವನ ವಯಸ್ಸಿನವನಾದರೆ ಅಮ್ಮನ ಮುಖ ಬಿಳುಚಿಕೊಳ್ಳುತ್ತಿತ್ತು. 'ಹುಟ್ಟಿದ್ದು ಎಲ್ಲಪ್ಪಾ? ಸ್ವಂತ ತಾಯೀನೇನಾ?' ಎಂದು ಬಂದವರ ಮುಂದೆಯೇ ಕೇಳುತ್ತಿದ್ದಳು. ಅವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. 'ನಾಳೆ ಅವನೇ ನಿನ್ನ ಅಣ್ಣ ಅಂತಾದ್ರೆ ಏನೇ ಗತಿ?' ಎಂದು ಅಮ್ಮ ಅಳುತ್ತಿದ್ದಳು. ಒಬ್ಬನಂತೂ ಅವಳಿಗೆ ತುಂಬಾ ಇಷ್ಟವಾಗಿದ್ದ. ಅವನ ವಿಷಯ ಈಗ ಬೇಡ, ಅವಳೇ ಎತ್ತುವುದಿಲ್ಲ. ಒಟ್ಟಿನಲ್ಲಿ ಅವಳು ಹಾಗೇ ಉಳಿದಳು. ದಾರಿಯಲ್ಲಿ ಬ್ಯಾಂಕಿನವರನ್ನು, ಕಂಡಕ್ಟರನ್ನು, ಕಣ್ಣಿನ ಡಾಕ್ಟರನ್ನು ನಿಲ್ಲಿಸಿಕೊಂಡು ಹುಟ್ಟಿದ ಊರು ಕೇಳುವ ತಾಯಿಯ ಕೈ ಹಿಡಿದು ಎಳೆದುಕೊಂಡು ಬರುವುದೇ ಅವಳ ಬದುಕಾಯಿತು.

ಆ ರಾತ್ರಿ ಅವಳೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಮುದುಕನನ್ನು ಕರೆಸಿ ಕೋಣೆಯ ಬಾಗಿಲು ಹಾಕಿದಳು.

"ನಿಮ್ಮ ಡಬ್ಬಿ ಅಷ್ಟಕ್ಕೂ ಸಹಿ ಹಾಕ್ತೀನಿ. ದೂರದ ವಿಷಯ ನಾನು ನೋಡ್ಕೋತೀನಿ. ನೀವು ನಮ್ಮಮ್ಮನಿಗೆ ಒಂದು ಮಾತು ಹೇಳ್ಬೇಕು. ಅವರ ಕೂಸನ್ನ ನಾನೇ ಮಣ್ಣು ಮಾಡಿದೆ, ಇಂಥಾ ಕಡೆ ಅಂತ."

ಮುದುಕ ಕಣ್ಣು ಕಣ್ಣು ಬಿಟ್ಟ. "ಯಾವುದು ಅವರ ಕೂಸೋ ನಂಗೇನು ಗೊತ್ತಮ್ಮ?"

"ಗೊತ್ತಿಲ್ಲ ಅಂತ ನಂಗೂ ಗೊತ್ತು. ಗೊತ್ತು ಅಂತ ಹೇಳಿ."

"ಬೇಡಮ್ಮ. ಆ ಕೂಸುಗಳ ವಿಷಯದಲ್ಲಿ ಸುಳ್ಳು ಹೇಳೋಕೆ ನಾಲಗೆ ಏಳಲ್ಲ."

"ಹಾಗಾದ್ರೆ ನನ್ನ ಕೈಲೂ ಆಗಲ್ಲ. ನಿಯಮ ನಿಯಮಾನೇ."

ಹೇಳುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಬೆದರಿಕೆ ಹಾಕುವವರು ಮುಖ ನೋಡಿ ಹಾಕಬೇಕು, ಅಷ್ಟೂ ಧೈರ್ಯ ಅವಳಿಗಿರಲಿಲ್ಲ. ಆದರೂ ಅವಳ ಮೇಲೆ ಕೋಪ ಮಾಡಿಕೊಳ್ಳಲು ನನಗಂತೂ ಮನಸ್ಸು ಬರುವುದಿಲ್ಲ. ಹೇಗಿದ್ದರೂ ಆ ಕೂಸು ಅಲ್ಲೇ ಎಲ್ಲೋ ಇದೆ, ಯಾವ ಮರದ ಕೆಳಗೆ ಎಂಬುದೊಂದೇ ಸುಳ್ಳು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮುದುಕ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. "ಯಾವ ಕಾಲದಲ್ಲಿ ಆಗಿದ್ದು?" ಎಂದ.

"ಅದೆಲ್ಲಾ ನಿಮಗ್ಯಾಕೆ? ಜಾಸ್ತಿ ತಿಳ್ಕೊಂಡ್ರೆ ಜಾಸ್ತಿ ಮಾತಾಡ್ತೀರಿ, ಸಿಕ್ಕಿಹಾಕೋತೀರಿ. ಗಂಡು ಕೂಸು. ಎತ್ಕೊಂಡು ಬಂದೆ, ಮಲಗಿಸಿದೆ. ಅಷ್ಟು ಹೇಳಿ ಸಾಕು."

ಜಾಣತನ ಎಂದರೆ ಹೀಗಿರಬೇಕು! ಆ ಒಂದು ದಿನದ ಹೆಸರು ಆಗಲೇ ಹೇಳಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ಅಮ್ಮನನ್ನು ಕರೆತಂದಳು. ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಬಾಚಿಕೊಂಡಿದ್ದಳು. ಹುಲ್ಲಿನ ನಡುವೆ ನಿಂತುಕೊಂಡು ಮುದುಕನನ್ನು ಮೇಲಿಂದ ಕೆಳಗಿನವರೆಗೆ ಅಳೆದಳು. ನಂಬಲು ಬಂದವಳ ನೋಟ ಅದಲ್ಲ.

"ತಲೆ ತುಂಬಾ ಕೂದಲಿತ್ತಾ?"

"ಇತ್ತಮ್ಮ."

"ಕಣ್ಣು?"

"ಮುಚ್ಚಿತ್ತು. ನಿದ್ದೆ ಮಾಡೋ ಹಾಗೆ."

"ಅಳಲೇ ಇಲ್ವಾ? ಒಂದು ಸಲಾನೂ?"

"ಇಲ್ಲಮ್ಮ. ಅಳೋ ಕೂಸನ್ನ ನನ್ನ ಕೈಗೆ ಯಾರು ಕೊಡ್ತಿದ್ರು?"

ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಸೇತುವೆ ಬಿದ್ದ ದಿನ," ಎಂದಳು. "ಅಷ್ಟು ಜನ ಸತ್ತು ಬಿದ್ದಿರೋ ಗಲಾಟೇಲಿ, ಆ ಹಾಳು ಮಳೇಲಿ, ನನ್ನ ಮಗನ್ನ ನೀವು ಇಲ್ಲಿವರೆಗೂ ಎತ್ಕೊಂಡು ಬಂದ್ರಾ?"

ಮುದುಕ ಬಾಯಿ ತೆರೆದವನು ಹಾಗೇ ನಿಂತ. ಮಗಳ ಕಡೆ ಒಮ್ಮೆ ನೋಡಿದ. ಕೆಮ್ಮು ಬಂದವನಂತೆ ಪಕ್ಕಕ್ಕೆ ತಿರುಗಿ ಸುಮಾರು ಹೊತ್ತು ಕೆಮ್ಮಿದ. ಮಾತು ಮರೆತನೇ ಮುದುಕ ಎಂದು ಅವಳ ಜೀವ ಬಾಯಿಗೆ ಬಂದಿತ್ತು.

"ಬಂದೆ," ಎಂದ ಕೊನೆಗೆ. "ಒದ್ದೆ ಆಗ್ಬಾರ್ದು ಅಂತ ಶರ್ಟಿನ ಒಳಗೆ ಇಟ್ಕೊಂಡು ಬಂದೆ."

ಅಮ್ಮ ಅವನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. "ನಾನು ಮುಟ್ಟಲಿಲ್ಲ. ಈ ಕೈಯಾದ್ರೂ ಮುಟ್ಟಿತ್ತಲ್ಲ," ಎಂದು ಗಟ್ಟಿಯಾಗಿ ಅತ್ತಳು. ಅಷ್ಟೂ ವರ್ಷ ಕೂಡಿಟ್ಟಿದ್ದ ಅಳು ಅದು. ಮುದುಕ ಕೈ ಬಿಡಿಸಿಕೊಳ್ಳಲಾರದೆ ಕಲ್ಲಿನ ಹಾಗೆ ನಿಂತಿದ್ದ. ಮಗಳೂ ಅತ್ತಳು. ಅವಳ ಅಳುವಿನಲ್ಲಿ ಮುಕ್ಕಾಲು ಪಾಲು ಬಿಡುಗಡೆಯಿತ್ತು, ಅದನ್ನು ಮುಚ್ಚಿಡುವುದೇಕೆ?

ಆ ಸಂಜೆ ಮನೆಯಲ್ಲಿ ಅಮ್ಮ ಎದ್ದು ಹೋಗಿ ಬಾಗಿಲಿನ ಮೇಲಿನ ಚಿಲಕವನ್ನು ತಾನೇ ಹಾಕಿದಳು. ತುಕ್ಕು ಹಿಡಿದಿದ್ದ ಚಿಲಕ ಕಿರ್ರೆಂದಿತು. "ಮಗಳೇ, ಬಾ, ಊಟ ಮಾಡೋಣ," ಎಂದಳು. ಮಗಳೇ ಎಂದು ಕರೆದದ್ದು ಅದೇ ಮೊದಲು. ಆಮೇಲಿನ ದಿನಗಳಲ್ಲಿ ಅಮ್ಮನ ಮೈ ಕೈ ತುಂಬಿಕೊಂಡಿತು. ಪಕ್ಕದ ಮನೆಯವರ ಜೊತೆ ಹರಟೆಗೆ ಕೂರತೊಡಗಿದಳು. ಬಸ್ಸಿನಲ್ಲಿ ಯಾರ ಮುಖವನ್ನೂ ದಿಟ್ಟಿಸಲಿಲ್ಲ. ದೊಡ್ಡವನು ಎಂಬ ಮಾತು ಆ ಮನೆಯಿಂದ ಎದ್ದೇ ಹೋಯಿತು.

ಕೊಟ್ಟ ಮಾತಿನಂತೆ ಮೇಡಂ ಎಲ್ಲಾ ಡಬ್ಬಿಗಳಿಗೂ ಸಹಿ ಹಾಕಿದಳು. ಅಷ್ಟೂ ಸೇರಿ ಒಂದೇ ಆಟ, ಬಿಡಿಸಿ ಲೆಕ್ಕ ಹಾಕಬಾರದು ಎಂದು ಮೇಲಿನವರಿಗೆ ಸಬೂಬು ಬರೆದಳು. ಬೇರಿನ ಸಂದಿಗಳಲ್ಲಿ ಡಬ್ಬಿ ಕೂತವು. ಜನ ಬರತೊಡಗಿದರು. ಒಂದು ವಿಚಿತ್ರವೆಂದರೆ, ಯಾರೂ ಹೇಳಿಕೊಡದೆ ಬಂದವರೆಲ್ಲ ಅಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಯಾಕೆ ಎಂದು ಕೇಳಿದರೆ, ಗೊತ್ತಿಲ್ಲ, ಹಾಗನಿಸಿತು ಎನ್ನುತ್ತಿದ್ದರು.

ಮುದುಕ ಮಾತ್ರ ಆ ಕಡೆ ಸುಳಿಯಲಿಲ್ಲ. ಡಬ್ಬಿಗಳನ್ನೂ ಕಚೇರಿಯ ಮಾಲಿಯ ಕೈಲೇ ಇಡಿಸಿದ್ದ. ಇಷ್ಟು ಬೇಡಿಕೊಂಡವನಿಗೆ ಏನಾಯಿತು ಎಂದು ಅವಳೇ ಹುಡುಕಿಕೊಂಡು ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ. ಅವನು ಗೋಡೆಗೆ ಒರಗಿಕೊಂಡು ಕೂತಿದ್ದ, ಅವಳನ್ನು ಕಂಡು ಏಳಲಿಲ್ಲ.

"ಯಾಕೆ ತಾತ, ನನ್ನ ಮೇಲೆ ಸಿಟ್ಟಾ?"

"ಸಿಟ್ಟಿಲ್ಲಮ್ಮ. ಹೆದರಿಕೆ." ಅವನು ಮಾತನ್ನು ನುಂಗಿಕೊಳ್ಳಲು ನೋಡಿದ, ಆಗಲಿಲ್ಲ. "ಸೇತುವೆ ಬಿದ್ದ ದಿನ ಅಂತ ನೀವು ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು?"

"ಆ ದಿನ ಆಸ್ಪತ್ರೇಲಿ ಗಂಡಾಳು ಅಂತ ಇದ್ದವನು ನಾನೊಬ್ಬನೇ. ಉಳಿದೋರೆಲ್ಲ ಹೊಳೆ ಆಚೆ. ದೋಣಿ ಬರೋವರೆಗೂ ವಾರ್ಡು ಬಿಟ್ಟು ಕದಲಿಲ್ಲ ನಾನು. ಟ್ಯಾಂಕಿನ ಹಿಂದೆ ಹೋಗಿಲ್ಲ. ಯಾರೂ ನನ್ನ ಕೈಗೆ ಕೂಸು ಕೊಟ್ಟಿಲ್ಲ."

"ಮರೆತಿರ್ತೀರಿ ತಾತ. ಎಷ್ಟು ವರ್ಷದ ಮಾತು!"

"ಬೇರೆ ದಿನ ಮರೆತಿರಬಹುದು. ಆ ದಿನ ಮರೆಯೋಕಾಗುತ್ತಾ? ನನ್ನ ತಮ್ಮ ಆ ಸೇತುವೆ ಮೇಲಿದ್ದ."

ಕೆಳಗೆ ಯಾರೋ ಚಕ್ರ ತಿರುಗಿಸಿ ಬಿಟ್ಟರು. ಅದು ತಿರುಗಿ ತಿರುಗಿ ನಿಂತಿತು.

"ಹಾಗಾದ್ರೆ ಕೂಸು ಎಲ್ಲಿ?" ಎಂದಳು.

"ನಂಗೊತ್ತಿಲ್ಲ. ಟ್ಯಾಂಕಿನ ಹಿಂದೆ ಇಲ್ಲ. ಅಷ್ಟೇ ಗೊತ್ತು."

"ಅಲ್ಲೇ, ಆಗಲೇ ಹೇಳೋದಕ್ಕೇನಾಗಿತ್ತು ನಿಮಗೆ?" ಎಂದು ಅವಳು ಕಿರುಚಿದಳು.

"ಸುಳ್ಳು ಹೇಳು ಅಂತ ಕತ್ತಿನ ಮೇಲೆ ಕೂತವರು ನೀವು. ಅರ್ಧಕ್ಕೆ ನಿಲ್ಲಿಸೋಕಾಗುತ್ತಾ? ನಿಮ್ಮಮ್ಮನ ಮುಖ ನೋಡಿದ್ರಾ ಆಗ? ನಾನು ನೋಡಿದೆ," ಎಂದು ಮುದುಕ ತಲೆ ಆ ಕಡೆ ತಿರುಗಿಸಿದ.

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಇಡೀ ಬದುಕಿನಲ್ಲಿ ಹುಚ್ಚಿ ಎಂದುಕೊಂಡಿದ್ದ ತಾಯಿ ಹೇಳುತ್ತಿದ್ದದ್ದು ನಿಜವೇ ಇರಬಹುದು. ಆ ನಿಜವನ್ನು ತಾಯಿಯ ಎದೆಯಿಂದ ಕಿತ್ತು ಹಾಕಿದವಳು ತಾನು, ಒಂದು ಸಹಿಯ ಬದಲಿಗೆ. ಹೇಳಿಬಿಡಬೇಕು ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಮ್ಮ ಏನೋ ಹಾಡು ಗುನುಗುತ್ತ ಪಾತ್ರೆ ಒರೆಸುತ್ತಿದ್ದಳು. ಅವಳು ಹಾಡಿದ್ದನ್ನು ಮಗಳು ಎಂದೂ ಕೇಳಿರಲಿಲ್ಲ.

"ಏನೇ, ಹಾಗೆ ನಿಂತೆ?"

"ಏನಿಲ್ಲಮ್ಮ."

ಕತ್ತಲಾಗುತ್ತಿದ್ದಂತೆ ಅಮ್ಮ ಎಂದಿನಂತೆ ಚಿಲಕ ಹಾಕಿ ಬಂದಳು. ಆ ಸದ್ದಿಗೆ ಮಗಳು ಬಾಗಿಲಿನ ಕಡೆ ತಿರುಗಿದಳು. ಬಾಗಿಲಿನಾಚೆ ಒಬ್ಬ ಗಂಡಸು ನಿಂತಿದ್ದಾನೆ, ವಯಸ್ಸಾಗುತ್ತಿದೆ ಅವನಿಗೆ, ಒಳಗೆ ಬಾ ಎನ್ನುವವರು ಈಗ ಯಾರೂ ಇಲ್ಲ ಎನ್ನಿಸಿತು. ಪಕ್ಕದ ಕೋಣೆಯಲ್ಲಿ ಕೆಮ್ಮು ಕೇಳಿಸೀತೇನೋ ಎಂದು ಕಿವಿಗೊಟ್ಟಳು. ಕೇಳಿಸಲಿ ಎಂದು ಬೇಡಿಕೊಂಡಳು. ಕೋಣೆ ಖಾಲಿಯಾಗಿತ್ತು.

ರಜಾದಿನಗಳಲ್ಲಿ ಅಮ್ಮ ಟ್ಯಾಂಕಿನ ಹಿಂದೆ ಹೋಗಿ ಕೂರುವ ಪರಿಪಾಠ ಇಟ್ಟುಕೊಂಡಿದ್ದಳು. ಜೊತೆಗೆ ಇವಳೂ ಹೋಗಲೇಬೇಕು. ಮುದುಕ ತೋರಿಸಿಕೊಟ್ಟಿದ್ದ 'ತನ್ನ' ಬೇರಿನ ಪಕ್ಕದ ಕಲ್ಲಿನ ಮೇಲೆ ಅಮ್ಮ ಕೂತು, ಡಬ್ಬಿಯಲ್ಲಿ ಯಾವ ಆಟಿಕೆ ಹೋಗಿದೆ, ಯಾವುದು ಬಂದಿದೆ ಎಂದು ನೋಡುತ್ತಿದ್ದಳು. ಹಾಗೊಂದು ಬೆಳಿಗ್ಗೆ ಒಬ್ಬ ಗಂಡಸು ಫೋನು ಹಿಡಿದುಕೊಂಡು ಹುಲ್ಲಿನ ನಡುವೆ ಬಂದ. ಐವತ್ತರ ಆಸುಪಾಸು, ನರೆತ ಕೂದಲು. ಅತ್ತ ಹೋದ, ಇತ್ತ ಬಂದ, ಬಾಣ ನಿಲ್ಲದೆ ಪೇಚಾಡಿದ.

"ಅಯ್ಯೋ, ಎಷ್ಟು ಒದ್ದಾಡ್ತೀಯಪ್ಪಾ! ಇಲ್ಲೇ ಇದೆ ನೋಡು, ಈ ಬೇರಿನ ಕೆಳಗೆ," ಎಂದು ಅಮ್ಮ ಆಟವನ್ನೇ ಕೆಡಿಸಿ ನಕ್ಕಳು. ಅವನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ಅವನು ನಕ್ಕು, ಮಂಡಿಯೂರಿ, ಡಬ್ಬಿ ತೆರೆದ. ಮಗಳು ನೋಡಿದಳು. ಹುಬ್ಬು ನೋಡಿದಳು, ಕೈಬೆರಳು ನೋಡಿದಳು, ಕತ್ತು ಬಾಗಿಸಿದ ರೀತಿ ನೋಡಿದಳು. ಅಮ್ಮನದೇನಾ? ಅಪ್ಪನದಾ? ಯಾರದೂ ಅಲ್ಲವಾ? ಅವನು ಒಂದು ಸಣ್ಣ ಮರದ ಕುದುರೆ ಇಟ್ಟು, ಒಂದು ಗೋಲಿ ತೆಗೆದುಕೊಂಡು ಎದ್ದ. ಮಾತು ಅವಳ ಬಾಯಿಂದ ಹೊರಗೆ ಬಂದೇ ಬಿಟ್ಟಿತು.

"ನೀವು... ನೀವು ಹುಟ್ಟಿದ್ದು ಎಲ್ಲಿ?"

"ಇದೇ ಊರು," ಎಂದ ಅವನು, ತುಸು ಬೆರಗಾಗಿ. "ಯಾಕೆ?"

ಅವಳು ಎದ್ದು ನಿಂತಳು. ಅಮ್ಮ ಅವಳ ಸೆರಗು ಹಿಡಿದು ಜಗ್ಗಿದಳು.

"ಕೂತ್ಕೋ ಮಗಳೇ. ಯಾರೋ ಏನೋ, ಪಾಪ, ತಮ್ಮ ಪಾಡಿಗೆ ತಾವು ಬಂದಿದ್ದಾರೆ. ಹೋಗಲಿ ಬಿಡು ಅವರನ್ನ," ಎಂದಳು. ಆಮೇಲೆ ಅವನ ಕಡೆ ತಿರುಗಿ ನಗುತ್ತ, "ನೀನು ಹೋಗಪ್ಪ," ಎಂದಳು.

ಅವನು ಹೋದ.